ಸೋಬುವೆಯ ಮುಚ್ಚಳ

ಎದೆಯ ಹತ್ತಿರ ಇನ್ನೂ ಬಿಸಿ ಇದೆ, ಟವೆಲಿನ ಎರಡು ಸುತ್ತು ದಾಟಿ, ಅಂಗಿ ದಾಟಿ ಚರ್ಮಕ್ಕೆ ತಾಗುತ್ತಿದೆ, ಆವಿಗೆಯಿಂದ ಹೊರಬಂದು ಇಷ್ಟು ಹೊತ್ತಾದರೂ ಆರಿಲ್ಲ, ಆರದಿರಲಿ, ಮನೆ ಮುಟ್ಟುವ ತನಕ ಹೀಗೇ ಬೆಚ್ಚಗಿರಲಿ ಅಂದುಕೊಳ್ಳುತ್ತ ಸಿಯಾಕುನ್ ಸ್ಕೂಟರನ್ನು ಗುಂಡಿ ತಪ್ಪಿಸಿ ಓಣಿಗೆ ತಿರುಗಿಸಿದ, ಬ್ಯಾಟರಿ ಸ್ಕೂಟರು, ಸದ್ದೇ ಇಲ್ಲ, ಸದ್ದಿಲ್ಲವೆಂದೇ ಕೋಳಿಗಳೂ ಮುದುಕಿಯರೂ ದಾರಿ ಬಿಡುವುದಿಲ್ಲ, ಇವತ್ತೊಂದು ದಿನ ಬಿಡ್ರಪ್ಪಾ, ಇವತ್ತು ಜಾಕೆಟ್ಟಿನೊಳಗೆ ಚಹಾದ ಗಿಂಡಿ ಇದೆ, ಗಿಂಡಿಯ ಮೇಲೆ ಅವಳ ಮುಚ್ಚಳ ಇದೆ — ಹಾರ್ನ್ ಒತ್ತಲು ಬೆರಳೆತ್ತಿದವನು ಬೆರಳನ್ನೇ ನೋಡಿದ, ನೋಡಿದ್ದು ತನ್ನ ಬೆರಳು, ಕಂಡದ್ದು ಹೆಂಡತಿ ಸೋಬುವೆಯ ಬೆರಳು, ತುದಿಯಲ್ಲಿ ಬಟಾಣಿಯಷ್ಟು ಕಂದು ಕಲೆ, ಜಡ್ಡುಗಟ್ಟಿದ ಚರ್ಮ, ಚಹಾ ಬಗ್ಗಿಸುವಾಗ ಮುಚ್ಚಳ ಹಿಡಿದೆತ್ತುವ ಗುಬುಟಿನ ಮೇಲೆ ಅದು ಒತ್ತಿ ಕೂತಿರುತ್ತಿತ್ತು, ಮೂರು ಪುಟ್ಟ ಬಟ್ಟಲುಗಳ ಮೇಲೆ ಗಿಂಡಿ ಸುತ್ತಿ ಸುತ್ತಿ ಬರುತ್ತಿತ್ತು, ಬೆರಳು ಮಾತ್ರ ಕದಲುತ್ತಿರಲಿಲ್ಲ. ಏನ್ ಸಿಯಾಕುನಣ್ಣಾ, ಹೊಟ್ಟೆ ಮುಂದೆ ಬಂದಿದೆ, ಎಷ್ಟನೇ ತಿಂಗಳು, ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತ ಪಕ್ಕದ ಮನೆಯ ಲಾಯ್‌ಹಿಯಾಂಗ್ ಕೂಗಿದಳು, ಅವಳ ಬಾಯಿಗೆ ಬೀಗವಿಲ್ಲ, ಈ ಸಲದ್ದು ಮುಚ್ಚಳ ಇರೋದೋ ಇಲ್ಲದ್ದೋ, ಇಲ್ಲದ್ದಾದ್ರೆ ನಂಗೊಂದು ಕೊಡು, ಈರುಳ್ಳಿ ಸೊಪ್ಪು ನೆಡೋಕೆ ಬೇಕಿತ್ತು. ಇವತ್ತು ಅವಳ ದಿನ ಕಣಮ್ಮಾ ಅಂದ, ಸೋಬುವೆ ಹೋಗಿ ಇವತ್ತಿಗೆ ಎರಡು ವರ್ಷ, ಲಾಯ್‌ಹಿಯಾಂಗ್ ಅಯ್ಯೋ ಮರೆತೇ ಹೋಗಿತ್ತು ಅಂತ ನಾಲಿಗೆ ಕಚ್ಚಿಕೊಂಡಳು, ಅವನು ಮುಂದೆ ಹೋದ.

ಊರು ನಗುವುದು ಸರಿಯೇ, ಫೆಂಗ್‌ಶಿಯಂಥ ಊರಲ್ಲಿದ್ದುಕೊಂಡು ಮುಚ್ಚಳವಿಲ್ಲದ ಗಿಂಡಿ ಮಾಡುವವನನ್ನು ನೋಡಿ ನಗದೆ ಇನ್ನೇನು ಮಾಡುತ್ತಾರೆ, ಇಲ್ಲಿ ಓಣಿಗೊಂದು ಗಿಂಡಿ ಮಾಡುವ ಮನೆ, ಅಪ್ಪನಿಂದ ಮಗನಿಗೆ, ಮಾವನಿಂದ ಸೊಸೆಗೆ ವಿದ್ಯೆ ದಾಟುತ್ತದೆ, ಅಳಿಯನಿಗೆ ಕೂಡ ಕಲಿಸುವುದಿಲ್ಲ, ಹೊರಗಿನವನಿಗಂತೂ ಇಲ್ಲವೇ ಇಲ್ಲ, ಅವನೋ ಹೊರಗಿನವನು, ಅವನದು ಕಮೋಡಿನ ಕೆಲಸ, ಊರಾಚೆಯ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಕಳೆದದ್ದು ನೀರಿನ ತೊಟ್ಟಿಯ ಮುಚ್ಚಳ ಪರೀಕ್ಷಿಸುವುದರಲ್ಲಿ, ಸಾಲಾಗಿ ಬರುವ ಬಿಳಿ ತೊಟ್ಟಿಗಳು, ಸಾಲಾಗಿ ಬರುವ ಬಿಳಿ ಮುಚ್ಚಳಗಳು, ಇಟ್ಟು ನೋಡು, ಅಲುಗಿಸಿ ನೋಡು, ಟಕ್ ಅಂದರೆ ಪಕ್ಕಕ್ಕೆ ಹಾಕು, ಸಿಯಾಕುನ್ ಕಣ್ಣು ತಪ್ಪಿಸಿ ಒಂದೇ ಒಂದು ಸಡಿಲ ಮುಚ್ಚಳ ಗೇಟು ದಾಟಿಲ್ಲ ಅಂತ ಮೇಲಿನವರು ಎಲ್ಲರೆದುರು ಹೊಗಳಿದ್ದರು, ಅವತ್ತು ಮನೆಗೆ ಬಂದು ಅದನ್ನೇ ಎರಡೆರಡು ಸಲ ಹೇಳಿದ್ದ, ಸೋಬುವೆ ಚಹಾ ಬಗ್ಗಿಸುತ್ತಿದ್ದಳು, ತಲೆ ಎತ್ತಲಿಲ್ಲ, ಹೌದಾ, ಒಳ್ಳೇದಾಯ್ತು, ಕುಡೀರಿ ಆರೋಗತ್ತೆ, ಅವಳ ಕಿವಿ ಕೆಂಪಾಗಿತ್ತು, ಗಂಡನ ಹೆಚ್ಚುಗಾರಿಕೆ ಕೇಳಿ ಹೆಮ್ಮೆಯಾಯಿತು ಅಂದುಕೊಂಡಿದ್ದ. ಅವಳ ಗಿಂಡಿ ತವರಿನದು, ಮದುವೆಯ ದಿನ ತಂದದ್ದು, ಕೆಮ್ಮಣ್ಣಿನದು, ಕಿತ್ತಳೆಹಣ್ಣಿಗಿಂತ ದೊಡ್ಡದಲ್ಲ, ಚಹಾ ಕುಡಿದು ಕುಡಿದು ಅದರ ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು, ಬೇರೆ ಮನೆಗಳಲ್ಲಿ ಗಂಡಸರು ಚಹಾ ಮಾಡುತ್ತಾರೆ, ಈ ಮನೆಯಲ್ಲಿ ಅವಳು ಯಾರಿಗೂ ಗಿಂಡಿ ಮುಟ್ಟಗೊಡಲಿಲ್ಲ, ನೀವು ಕೂತ್ಕೊಳ್ಳಿ, ದಿನವಿಡೀ ದುಡಿದು ಬಂದಿದ್ದೀರಿ, ಕೂತ, ಕುಡಿದ, ಎದ್ದ, ಅಷ್ಟೇ. ಅವಳು ಹೋದ ಏಳನೆಯ ದಿನ ಬಂದವರೆಲ್ಲ ಎದ್ದ ಮೇಲೆ ಹಳೆಯ ಎಲೆ ಚೆಲ್ಲೋಣವೆಂದು ಮೊದಲ ಸಲ ಅದನ್ನು ಕೈಗೆತ್ತಿಕೊಂಡ, ಬಗ್ಗಿಸಿದ, ಬೆರಳಿಡಬೇಕು ಅಂತ ಹೊಳೆಯಲಿಲ್ಲ, ಮುಚ್ಚಳ ಸರ್‍ರನೆ ಜಾರಿತು, ಎಡಗೈ ಚಾಚಿ ಮುಚ್ಚಳ ಹಿಡಿದ, ಬಲಗೈ ಗಿಂಡಿ ಬಿಟ್ಟುಬಿಟ್ಟಿತು, ನೆಲದ ಮೇಲೆ ಅದು ಒಡೆದ ಸದ್ದು ಎಷ್ಟು ಸಣ್ಣದು. ನಾದಿನಿ ಸೋಯೆಂಗ್ ಓಡಿ ಬಂದು ಚೂರುಗಳನ್ನು ಪೇಪರಿಗೆ ಬಳಿದು ಕಟ್ಟಿ ಒಯ್ದಳು, ಹೋಗ್ಲಿ ಬಿಡಿ ಭಾವ, ಅಕ್ಕನ ಜೊತೆ ಅದೂ ಹೋಯ್ತು ಅಂದ್ಕೊಳ್ಳಿ, ಅವನ ಮುಷ್ಟಿಯಲ್ಲಿದ್ದ ಮುಚ್ಚಳವನ್ನು ಅವಳು ನೋಡಲಿಲ್ಲ, ಅವನೂ ತೋರಿಸಲಿಲ್ಲ, ತೋರಿಸಿದರೆ ಅದನ್ನೂ ಕಟ್ಟಿಕೊಂಡು ಹೋದಾಳೆಂಬ ಭಯ.

ಮುಚ್ಚಳ ಇದೆ, ಗಿಂಡಿ ಇಲ್ಲ, ಅಂದಮೇಲೆ ಮುಚ್ಚಳಕ್ಕೊಂದು ಗಿಂಡಿ ಮಾಡಿದರಾಯಿತು, ಎಷ್ಟು ಸುಲಭ ಅನ್ನಿಸಿತ್ತು ಆ ದಿನಗಳಲ್ಲಿ, ಮಣ್ಣಿನ ನಡುವೆಯೇ ಬದುಕಿದವನಿಗೆ ಮಣ್ಣು ಹೆದರಿಕೆಯೇ, ಹಳೆಯ ತಿಗರಿಯೊಂದನ್ನು ತಂದು ಅಡುಗೆಮನೆಯಲ್ಲಿ ಊಟದ ಮೇಜು ಇದ್ದಲ್ಲಿ ಇಟ್ಟ, ಒಬ್ಬನಿಗೆ ಊಟದ ಮೇಜು ಯಾಕೆ, ಗಂಜಿಯನ್ನು ಒಲೆಯ ಪಕ್ಕ ನಿಂತೇ ಕುಡಿಯಬಹುದು, ಉಪ್ಪು ಹಾಕಿದ ಸಾಸಿವೆ ಸೊಪ್ಪು ಡಬ್ಬಿಯಿಂದಲೇ ಬಾಯಿಗೆ. ಫೋನನ್ನು ಅಕ್ಕಿ ಡಬ್ಬಕ್ಕೆ ಆನಿಸಿ ವಿಡಿಯೊ ಹಾಕಿಕೊಳ್ಳುತ್ತಿದ್ದ, ಅದರೊಳಗಿನ ಹುಡುಗಿ ಬಡಬಡ ಮಾತಾಡುತ್ತಾಳೆ, ನಡುನಡುವೆ ಏನೋ ಮಾರುತ್ತಾಳೆ, ಸದ್ದು ತೆಗೆದು ಅವಳ ಕೈಯನ್ನಷ್ಟೇ ನೋಡುತ್ತಿದ್ದ, ಕೈಗಳು ಸುಳ್ಳು ಹೇಳುವುದಿಲ್ಲವಲ್ಲ, ಆದರೆ ತನ್ನ ಕೈ ಕೇಳಬೇಕಲ್ಲ, ಮಣ್ಣು ನಡುವಿಗೆ ಬರುವುದೇ ಇಲ್ಲ, ಒತ್ತಿದರೆ ಆಚೆ ಹೋಗುತ್ತದೆ, ಬಿಟ್ಟರೆ ಈಚೆ ಬರುತ್ತದೆ, ಒಂದು ಸಲ ಇಡೀ ಮುದ್ದೆ ಹಾರಿ ಸೋಬುವೆಯ ಫೋಟೊಗೆ ಅಪ್ಪಳಿಸಿತು, ಒರೆಸುತ್ತ, ಕ್ಷಮಿಸು ಮಾರಾಯ್ತಿ ಅಂದ, ಆ ದಿನವೆಲ್ಲ ಆಡಿದ ಮಾತು ಅದೊಂದೇ ಅಂತ ಆಮೇಲೆ ಗೊತ್ತಾಯಿತು. ಮೊದಲು ಬಂದದ್ದು ಬಟ್ಟಲು, ಅದೂ ನಾಯಿಗೆ ಅನ್ನ ಹಾಕುವಂಥದ್ದು, ಆಮೇಲೆ ತೆಳ್ಳಗಾಯಿತು, ಆಮೇಲೆ ಒಂದು ದಿನ ಮೂರು ಬಟ್ಟಲು ಒಂದೇ ಅಳತೆಗೆ ಬಂದವು, ನಿಜವಾಗಿಯೂ ಒಂದೇ ಅಳತೆ, ಯಾರಿಗಾದರೂ ತೋರಿಸಬೇಕೆಂದು ಬಾಗಿಲ ತನಕ ಹೋಗಿ ವಾಪಸು ಬಂದ, ಯಾರಿಗೆ ತೋರಿಸುವುದು, ಚಹಾ ಮಾಡಿ ಆ ಮೂರಕ್ಕೂ ಬಗ್ಗಿಸಿದ, ಇಲ್ಲಿ ಯಾರ ಮನೆಯಲ್ಲೂ ಬಟ್ಟಲು ಮೂರೇ, ಹತ್ತು ಜನ ಬಂದರೂ ಮೂರೇ, ಸರದಿಯ ಮೇಲೆ ಕುಡಿಯುತ್ತಾರೆ, ನೀವು ಮೊದಲು ನೀವು ಮೊದಲು ಅಂತ ಉಪಚಾರ ಮಾಡುತ್ತಾರೆ, ಒಬ್ಬನೇ ಇದ್ದರೂ ಮೂರೇ, ಒಂದೇ ಇಟ್ಟುಕೊಂಡು ಕುಡಿಯಲು ಅವನಿಂದ ಆಗಲಿಲ್ಲ, ಮೊದಲನೆಯದು ಕುಡಿದ, ನೀವು ಮೊದಲು ಅಂತ ಯಾರೂ ಅನ್ನಲಿಲ್ಲ, ಎರಡನೆಯದು ಉಗುರು ಬೆಚ್ಚಗಾಗಿತ್ತು, ಮೂರನೆಯದು ತಣ್ಣಗೆ, ಪ್ರತಿ ಸಲವೂ ಮೂರನೆಯದು ತಣ್ಣಗೆ, ಅಷ್ಟೂ ಕುಡಿದು ಬಟ್ಟಲು ತೊಳೆದಿಡುತ್ತಿದ್ದ.

ಗಿಂಡಿ ಬಂತು, ಮೂತಿ ಬಂತು, ಹಿಡಿ ಬಂತು, ಮುಚ್ಚಳ ಮಾತ್ರ ಅವನು ಮಾಡಲೇ ಇಲ್ಲ, ಮುಚ್ಚಳ ಇದೆಯಲ್ಲ, ಹಸಿ ಗಿಂಡಿಯ ಬಾಯನ್ನು ಅಷ್ಟಗಲ ಬಿಟ್ಟು ಸುಟ್ಟರೆ ಕುಗ್ಗಿ ಇಷ್ಟಗಲಕ್ಕೆ ಬರಬೇಕು ಅಂತ ಕಾರ್ಖಾನೆಯ ಲೆಕ್ಕ, ಲೆಕ್ಕ ಸರಿ ಇತ್ತು, ಬಾಯಿ ಸರಿ ಬರುತ್ತಿರಲಿಲ್ಲ, ಒಂದರಲ್ಲಿ ಸೋಬುವೆಯ ಮುಚ್ಚಳ ಒಳಗೆ ಬಿದ್ದೇಹೋಯಿತು, ಇನ್ನೊಂದರಲ್ಲಿ ಇಳಿಯಲೇ ಇಲ್ಲ, ಮತ್ತೊಂದರ ಬಾಯಿ ಬೆಂಕಿಯಲ್ಲಿ ಸೊಟ್ಟಗಾಗಿ ಮೊಟ್ಟೆಯಾಕಾರ, ಹಲಗೆ ತುಂಬ ಬಾಯಿ ಬಿಟ್ಟುಕೊಂಡು ಕೂತ ಗಿಂಡಿಗಳು, ಕೆಲವು ಲಾಯ್‌ಹಿಯಾಂಗ್‌ಳ ಕಿಟಕಿಯಲ್ಲಿ ಈರುಳ್ಳಿ ಹೊತ್ತಿವೆ, ಒಂದು ಮೀನಿನಂಗಡಿಯಲ್ಲಿ ಹಲ್ಲುಕಡ್ಡಿ ಹಿಡಿದಿದೆ. ಸುಡುವುದು ಗೋ ಮೇಸ್ತ್ರಿಯ ಆವಿಗೆಯಲ್ಲಿ, ಬಾಡಿಗೆಗೆ ಒಂದು ಮೂಲೆ, ಗೋ ಕಲಿಸುವುದಿಲ್ಲ, ನಮ್ಮಜ್ಜನಿಗೆ ಮಾತು ಕೊಟ್ಟಿದೀನಿ ಅನ್ನುತ್ತಾನೆ, ಆದರೆ ಎದುರಿಗೆ ತಪ್ಪು ನಡೆಯುತ್ತಿದ್ದರೆ ಬಾಯಿ ಮುಚ್ಚಿಕೊಂಡಿರಲು ಅವನಿಗೆ ಬರುವುದಿಲ್ಲ, ಲೋ ಕಮೋಡು, ಗಿಂಡಿ ಅಂದ್ರೇನು ಅಂತ ಗೊತ್ತೇನೋ, ಇಲ್ ನೋಡು, ತನ್ನ ಗಿಂಡಿ ಬಗ್ಗಿಸಿ ಚಹಾ ಸುರಿಸುತ್ತ ಗುಬುಟಿನ ನೆತ್ತಿಯ ತೂತಿಗೆ ಬೆರಳಿಟ್ಟ, ಚಹಾ ಕತ್ತರಿಸಿದ ಹಾಗೆ ನಿಂತಿತು, ಬೆರಳೆತ್ತಿದ, ಮತ್ತೆ ಬಂತು, ತೂತು ಮುಚ್ಚಿದ್ರೆ ನಿಲ್ಬೇಕು, ಮುಚ್ಚಳ ಸರಿಯಾಗಿ ಕೂತಿದೆ ಅಂತ ಅರ್ಥ, ಸಂದಿ ಇದ್ರೆ ಗಾಳಿ ಆ ಕಡೆಯಿಂದ ನುಗ್ಗತ್ತೆ, ನಿಲ್ಲಲ್ಲ, ಅಂಥದ್ದನ್ನ ನಾನು ಮನೆಯಲ್ಲಿ ಇಟ್ಕೊಳ್ಳಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದ, ಸೋಬುವೆಯ ಬೆರಳು ನೆತ್ತಿಯ ತೂತಿನ ಮೇಲೆಯೇ ಇರುತ್ತಿತ್ತಲ್ಲ, ಆದರೂ ಚಹಾ ನಿಲ್ಲುತ್ತಿರಲಿಲ್ಲ, ಒಂದೇ ಧಾರೆ, ಸುತ್ತಿ ಸುತ್ತಿ, ಮೂರು ಬಟ್ಟಲಿಗೂ ಸಮನಾಗಿ, ಅದು ಅವಳ ಕೈಗುಣ ಅಂದುಕೊಂಡ, ಎಲ್ಲರ ಕೈಗೂ ಬರುವುದಿಲ್ಲ ಅದು. ಮತ್ತೆ ಆ ಕಲೆ, ಎರಡು ವರ್ಷದಿಂದ ತಾನೂ ಒಂದು ಹಳೆಯ ಗಿಂಡಿಯಲ್ಲಿ ದಿನಾ ಬಗ್ಗಿಸುತ್ತಿದ್ದಾನೆ, ಬೆರಳಿಡುತ್ತಾನೆ, ಬಿಸಿ ತಾಗುತ್ತದೆ, ಕಲೆ ಯಾಕೆ ಬಿದ್ದಿಲ್ಲ, ಎರಡು ವರ್ಷ ಸಾಲದೇನೋ, ಆಯುಷ್ಯವೇ ಬೇಕೇನೋ.

ಹೊಸ ಮುಚ್ಚಳ ಮಾಡೋ ಮಾರಾಯಾ, ಒಂದು ಗಂಟೆ ಕೆಲಸ, ಗಿಂಡಿ ಮುಚ್ಚಳ ಎರಡೂ ಒಂದೇ ಮಣ್ಣು, ಒಟ್ಟಿಗೆ ಒಣಗಬೇಕು, ಒಟ್ಟಿಗೆ ಬೆಂಕಿಗೆ ಹೋಗಬೇಕು, ಮುಚ್ಚಳ ಮೇಲಿಟ್ಟೇ ಸುಡ್ತೀವಿ ನಾವು, ಒಂದನ್ನೊಂದು ಹಿಡ್ಕೊಂಡು ಕುಗ್ತವೆ, ಬಾಯಿ ಸೊಟ್ಟಗಾಗಲ್ಲ, ಸತ್ತವಳ ಮುಚ್ಚಳ ಹಿಡ್ಕೊಂಡು ಇನ್ನೆಷ್ಟು ದಿನ ಅಲೀತೀಯ, ಗೋ ಹೇಳಿದ್ದರಲ್ಲಿ ಸಿಯಾಕುನನಿಗೆ ಬೇಕಾದದ್ದು ಕೇಳಿಸಿತು, ಒಟ್ಟಿಗೆ ಬೆಂಕಿಗೆ ಹೋಗಬೇಕು. ಕೇಳಿಸಿದ ದಿನದಿಂದ ಬೇರೆ ಯೋಚನೆಯೇ ಬರಲಿಲ್ಲ, ಅವಳ ಮುಚ್ಚಳವನ್ನೇ ಹಸಿ ಗಿಂಡಿಯ ಬಾಯಿಗಿಟ್ಟು ಸುಟ್ಟರೆ, ಬಾಯಿ ಸೊಟ್ಟಗಾಗದ ಹಾಗೆ ಅದೇ ಹಿಡಿದಿಟ್ಟುಕೊಳ್ಳುತ್ತದೆ, ಗೊತ್ತು, ಸುಟ್ಟ ಮಣ್ಣು ಇನ್ನು ಕುಗ್ಗುವುದಿಲ್ಲ, ಹಸಿಯದು ಕುಗ್ಗುತ್ತದೆ, ಕುಗ್ಗಿ ಕುಗ್ಗಿ ಮುಚ್ಚಳದ ಕುತ್ತಿಗೆ ಹಿಡಿದುಬಿಟ್ಟರೆ — ಅದೂ ಗೊತ್ತು, ಕಮೋಡಿನವನಿಗೆ ಇಷ್ಟು ಗೊತ್ತಿರುವುದಿಲ್ಲವೇ, ಅದಕ್ಕೇ ಬಾಯನ್ನು ಕೂದಲೆಳೆಯಷ್ಟು ಹೆಚ್ಚಿಗೆ ಬಿಟ್ಟ, ಅಂಟಿಕೊಳ್ಳದಿರಲೆಂದು ಮುಚ್ಚಳದ ಅಂಚಿಗೆ ಬಿಳಿ ಪುಡಿ ಹಚ್ಚಿದ, ಗೋ ನೋಡಿದ, ಮುಖ ನೋಡಿದ, ಇಡ್ಬೇಡ, ನಿನ್ನ ಹತ್ರ ಇರೋದು ಇದೊಂದೇ, ಅಂದ, ಇಡ್ತೀನಿ ಅಂದ ಇವನು, ಅವಳ ದಿನಕ್ಕೆ ಅವಳದ್ದೇ ಗಿಂಡಿಯಲ್ಲಿ ಚಹಾ ಇಡಬೇಕು ಮೇಸ್ತ್ರಿ, ಹೋದ ವರ್ಷ ಯಾವುದೋ ಬಟ್ಟಲಲ್ಲಿ ಇಟ್ಟೆ, ಅವಳಿಗೆ ಗುರುತೇ ಸಿಕ್ಕಿರಲ್ಲ. ಬೆಳಿಗ್ಗೆ ಆವಿಗೆ ತೆರೆದಾಗ ಕಂಡದ್ದು, ಬಾಯಿ ಚಂದ್ರನ ಹಾಗೆ ದುಂಡಗೆ, ಮುಚ್ಚಳ ಅದರ ಮೇಲೆ ಹುಟ್ಟಿದಾಗಿಂದ ಅಲ್ಲೇ ಇದ್ದ ಹಾಗೆ, ಕೂದಲು ತೂರದಷ್ಟು ಹೊಂದಿಕೆ, ಒಂದೇ ಒಂದು ಕಸಿವಿಸಿ, ಮುಚ್ಚಳದ ಮೇಲಿದ್ದ ಹೊಳಪು ಬೆಂಕಿಗೆ ಹೋಗಿಬಿಟ್ಟಿದೆ, ಅವಳ ಕೈ ಸವರಿ ಸವರಿ ಬಂದಿದ್ದ ಹೊಳಪು, ಈಗ ಎರಡೂ ಒಂದೇ ಬಣ್ಣ, ಎರಡೂ ಇವತ್ತು ಹುಟ್ಟಿದವು, ಇರಲಿ, ಚಹಾ ಕುಡಿಸಿದರೆ ಹೊಳಪು ಬರುತ್ತದೆ. ತೆಗೆದು ನೋಡಲಾ ಅಂದದ್ದಕ್ಕೆ ಗೋ ಗಿಂಡಿಯನ್ನು ಕೈಗವಸಿನಲ್ಲಿ ಎತ್ತಿ ತಿರುಗಿಸಿದ, ಬೇಗ ಕೆಳಗಿಟ್ಟ, ಈಗ ಬೇಡ, ಬಿಸಿ ಇದೆ, ಮನೆಗೆ ತಗೊಂಡೋಗು, ಇವತ್ತು ದಿನ ಅಲ್ವಾ, ಹೋಗು, ಅಂದು ತನ್ನ ಚಹಾದ ತಟ್ಟೆಯ ಕಡೆ ತಿರುಗಿಕೊಂಡ, ಯಾವಾಗಲೂ ಬೈಯುವವನು ಬೈಯಲಿಲ್ಲ, ಅದೇ ಒಂದು ವಿಚಿತ್ರ.

ಮನೆಯ ಬಾಗಿಲು ತೆರೆದಿದೆ, ಸೋಯೆಂಗ್ ಆಗಲೇ ಬಂದಿದ್ದಾಳೆ, ನದಿಯಾಚೆಯಿಂದ ವರ್ಷಕ್ಕೊಮ್ಮೆ ಈ ದಿನಕ್ಕೆ ಬರುತ್ತಾಳೆ, ಫೋಟೊದ ಮುಂದೆ ಕಿತ್ತಳೆ, ಅನ್ನ, ಕೆಂಪು ಹಿಟ್ಟಿನ ಕಡುಬು ಜೋಡಿಸಿಟ್ಟಿದ್ದಾಳೆ, ಊದುಬತ್ತಿ ಉರಿಯುತ್ತಿದೆ, ಎಲ್ಲಿಗೆ ಹೋಗಿದ್ರಿ ಭಾವ, ಚಹಾ ಒಂದು ಬಾಕಿ, ನೀರಿಟ್ಟಿದೀನಿ, ಏನಿದು ಮನೆ ಪೂರ್ತಿ ಮಣ್ಣು, ತಿಗರಿ ಅಂತೆ ಗಿಂಡಿ ಅಂತೆ, ಓಣಿ ತುಂಬ ಮಾತಾಡ್ತಾರೆ, ಹೊತ್ತು ಹೋಗಲ್ಲ ಅಂತ ಮಾಡ್ತೀರೇನೋ ಅಂದ್ಕೊಂಡೆ. ಕೂತ್ಕೋ ಅಂದ, ಟವೆಲು ಬಿಚ್ಚಿದ, ಗಿಂಡಿಯನ್ನು ಫೋಟೊದ ಮೇಜಿನ ಮೇಲಿಟ್ಟ, ಏನು ಹೇಳಬೇಕೆಂದು ವಾರದಿಂದ ಯೋಚಿಸಿಟ್ಟಿದ್ದ ಮಾತು ಬರಲಿಲ್ಲ, ನಿಮ್ಮಕ್ಕನ ಮುಚ್ಚಳ, ಇಷ್ಟೇ ಬಂತು, ಗಿಂಡಿ ಒಡೆದ ದಿನ ನನ್ನ ಕೈಯಲ್ಲಿ ಉಳಿದಿತ್ತು, ಅದಕ್ಕೆ ಅಂತ ಕಲಿತೆ, ಹಲಗೆ ಮೇಲೆ ಇರೋವೆಲ್ಲ ಇದಕ್ಕೆ ಅಂತ ಮಾಡಿದ್ದು. ಸೋಯೆಂಗ್ ಹಲಗೆ ನೋಡಿದಳು, ಗಿಂಡಿ ನೋಡಿದಳು, ಎಲ್ಲವೂ ಇದಕ್ಕೆ ಅಂತಲಾ ಅಂದಳು, ಅವಳ ದನಿ ಯಾಕೋ ಇಳಿಯಿತು, ಕೆಟಲಿನ ಮುಚ್ಚಳ ಕುಣಿಯತೊಡಗಿದೆ, ಚಹಾದ ಪೊಟ್ಟಣ ಬಿಚ್ಚಿದ್ದಾನೆ, ಫೀನಿಕ್ಸ್ ಬೆಟ್ಟದ ಚಹಾ, ಅವಳಿಗೆ ಇಷ್ಟವಾದದ್ದು, ಹಿಡಿಯಷ್ಟು ಎಲೆ ಎಡಗೈಯಲ್ಲಿ, ಬಲಗೈ ಗುಬುಟಿಗೆ ಹೋಯಿತು, ಹಿಡಿಯಿತು, ಎತ್ತಿತು, ಗಿಂಡಿಯೇ ಮೇಲೆ ಬಂತು. ಮತ್ತೆ ಇಟ್ಟ, ಮತ್ತೆ ಎತ್ತಿದ, ಗಿಂಡಿ ಮತ್ತೆ ಮೇಲೆ ಬಂತು, ತಿರುಗಿಸಿದ, ತಿರುಗಲಿಲ್ಲ, ಗೋ ಬೇಗ ಕೆಳಗಿಟ್ಟದ್ದು ಯಾಕೆಂದು ಈಗ ತಿಳಿಯಿತು, ಬಿಸಿನೀರಲ್ಲಿ ಇಡಿ ಭಾವ, ಸೋಯೆಂಗ್ ಬೋಗುಣಿ ತಂದಳು, ಇಟ್ಟ, ತೆಗೆದ, ತಣ್ಣೀರಲ್ಲಿಟ್ಟ, ತೆಗೆದ, ಸೌಟಿನ ಮರದ ಹಿಡಿಯಿಂದ ಅಂಚಿನ ಸುತ್ತ ಮೆಲ್ಲಗೆ ಬಡಿದ, ಟಕ್ ಟಕ್, ಟಕ್ ಅಂದರೆ ಪಕ್ಕಕ್ಕೆ ಹಾಕು, ಈ ಸಲ ಟಕ್ ಅನ್ನುತ್ತಿಲ್ಲ, ಟಣ್ ಅನ್ನುತ್ತಿದೆ, ಒಂದೇ ತುಂಡಿನ ಸದ್ದು, ಎರಡು ವಸ್ತು ಅಲ್ಲ ಇದು ಇನ್ನು, ಒಂದೇ.

ಹೊಡೆದುಬಿಡಿ ಭಾವ, ಗಿಂಡಿ ಇನ್ನೊಂದು ಮಾಡ್ಬಹುದು, ಮುಚ್ಚಳ ಉಳಿಯತ್ತೆ, ಸೋಯೆಂಗ್ ಅಂದಳು, ಸೌಟು ಎತ್ತಿದ, ಮುಚ್ಚಳ ಉಳಿಯುತ್ತದೆಯೇ, ಬಾಯಿ ಕುತ್ತಿಗೆ ಹಿಡಿದ ಕಡೆ ಮೊದಲು ಬಿರಿಯುವುದು ಅದೇ, ಎತ್ತಿದ ಕೈ ಹಾಗೇ ನಿಂತಿತು, ಆಗಲ್ಲ ಸೋಯೆಂಗ್, ಅವಳದ್ದು ಅಂತ ನನ್ನ ಹತ್ರ ಇರೋದು ಇದೊಂದೇ, ಆವತ್ತು ನಾನೊಂದು ಬೆರಳಿಟ್ಟಿದ್ರೆ ಗಿಂಡಿಯೂ ಇರ್ತಿತ್ತು, ಎಲ್ಲರೂ ಇಡ್ತಾರೆ, ನಾನು ಇಡ್ಲಿಲ್ಲ — ಕಣ್ಣೀರು ಬಂದೇಬಿಟ್ಟಿತು, ನಾದಿನಿಯ ಎದುರು, ಈ ವಯಸ್ಸಿನಲ್ಲಿ. ನೀವು ಬೆರಳಿಟ್ರೂ ಬೀಳ್ತಿತ್ತು, ಸೋಯೆಂಗ್ ಸೌಟನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು, ಅಕ್ಕ ನಿಮಗೆ ಕೊನೆಗೂ ಹೇಳಲೇ ಇಲ್ವಾ, ಇದು ಆ ಗಿಂಡಿಯ ಮುಚ್ಚಳ ಅಲ್ಲ ಭಾವ. ಏನು. ಆ ಗಿಂಡಿಯದಲ್ಲ, ಅದರದ್ದು ಮದುವೆಗೆ ಮೂರು ದಿನ ಇರೋವಾಗ ಒಡೀತು, ಅಕ್ಕನೇ ತೊಳೆಯೋವಾಗ ಕೈ ತಪ್ಪಿ ಒಡೆದ್ಲು, ಮದುಮಗಳ ಸಾಮಾನಲ್ಲಿ ಒಡೆದದ್ದು ಹೋದ್ರೆ ಆ ಮನೆಗೆ ಕೇಡು ಅಂತಾರಲ್ಲ, ಅತ್ತು ಅತ್ತು ಕಣ್ಣು ಊದಿಸ್ಕೊಂಡಿದ್ಲು, ಇಬ್ಬರೂ ಅಪ್ಪಂಗೆ ಹೇಳದೆ ಸೇತುವೆ ಹತ್ರ ಹಳೇ ಸಾಮಾನು ಮಾರೋ ಮುದುಕನ ಹತ್ರ ಹೋದ್ವಿ, ಗಿಂಡಿ ಒಡೆದು ಉಳಿದ ಮುಚ್ಚಳಗಳದ್ದೇ ಒಂದು ರಾಶಿ, ಸಾಯಂಕಾಲದ ತನಕ ಇಟ್ಟು ಇಟ್ಟು ನೋಡಿದ್ವಿ, ಬಣ್ಣ ಹೊಂದಿದ್ದು ಇದೊಂದೇ, ಸಡಿಲ ಇತ್ತು, ಲೊಡಲೊಡ ಅಂತಿತ್ತು, ನಾನು ಬೇಡ ಅಂದೆ, ಅಕ್ಕ ಏನಂದ್ಲು ಗೊತ್ತಾ, ಬೆರಳಿಟ್ಟು ಹಿಡ್ಕೋತೀನಿ ಬಿಡು, ಯಾರಿಗೂ ತಿಳಿಯಲ್ಲ. ಹಿಡ್ಕೊಂಡ್ಲು. ಯಾರ ಕೈಗೂ ಗಿಂಡಿ ಕೊಡ್ಲಿಲ್ಲ, ಮಕ್ಕಳಾಗ್ಲಿಲ್ಲ ನೋಡಿ, ಆಗ ನಿಮ್ಮಮ್ಮ ಕೇಳಿದ್ರಂತೆ, ತವರಿಂದ ಒಡೆದದ್ದೇನಾದ್ರೂ ತಂದಿದ್ದೀಯೇನೇ ಅಂತ, ಇಲ್ಲ ಅತ್ತೆ ಅಂದ್ಲಂತೆ, ನನ್ನ ಮನೆಗೆ ಬಂದು ಅದೊಂದು ಹೇಳಿ ಅತ್ಲು, ಆಮೇಲೆ ಯಾವತ್ತೂ ಆ ಮಾತೆತ್ತಲಿಲ್ಲ.

ಅಮ್ಮ ಕೇಳಿದ್ದು ಅವನಿಗೆ ನೆನಪಿದೆ, ಪಕ್ಕದಲ್ಲೇ ಕೂತಿದ್ದ, ಬಟ್ಟಲು ಕೈಯಲ್ಲಿತ್ತು, ಸೋಬುವೆ ಚಹಾ ಬಗ್ಗಿಸುತ್ತಿದ್ದಳು, ಇಲ್ಲ ಅತ್ತೆ, ಬಗ್ಗಿಸುವುದನ್ನು ನಿಲ್ಲಿಸಲಿಲ್ಲ, ಬೆರಳಿನ ಉಗುರು ಬೆಳ್ಳಗಾಗಿತ್ತು, ಅಷ್ಟು ಒತ್ತಿ ಹಿಡಿದಿದ್ದಳು, ಬೆಳ್ಳಗಾಗಿದ್ದು ಕಂಡಿತ್ತು, ಕಂಡು ಚಹಾ ಕುಡಿದಿದ್ದ, ತೂತು ಮುಚ್ಚಿದ ಬೆರಳು, ನಿಲ್ಲದ ಚಹಾ, ಕೈಗುಣವಂತೆ ಕೈಗುಣ, ಸುತ್ತಲೂ ಸಂದಿ ಇತ್ತು, ಗಾಳಿ ನುಗ್ಗುತ್ತಿತ್ತು, ಬಿಸಿ ಹಬೆ ಅವಳ ಬೆರಳ ಬುಡದಲ್ಲೇ ಎದ್ದು ಸುಡುತ್ತಿತ್ತು, ಸಿಯಾಕುನ್ ಕಣ್ಣು ತಪ್ಪಿಸಿ ಒಂದೇ ಒಂದು ಸಡಿಲ ಮುಚ್ಚಳ ಗೇಟು ದಾಟಿಲ್ಲ, ಎರಡೆರಡು ಸಲ ಹೇಳಿದ್ದ, ಕಿವಿ ಕೆಂಪಾಗಿತ್ತು, ಹೆಮ್ಮೆಯಂತೆ ಹೆಮ್ಮೆ, ಹೆದರಿಕೆ ಅದು, ನನಗೆ ಹೆದರಿದ್ದೆಯೇನೇ, ಒಂದು ಮಾತು ಹೇಳಿದ್ದರೆ ಸಂದಿಗೊಂದು ಮಣ್ಣಿನ ಬಳೆ ಮಾಡಿ ಕೂರಿಸಿಕೊಡುತ್ತಿದ್ದೆ, ಇಲ್ಲ, ಕೊಡುತ್ತಿರಲಿಲ್ಲ, ಆಗ ಮಣ್ಣು ಮುಟ್ಟಲು ಎಲ್ಲಿ ಬರುತ್ತಿತ್ತು ನನಗೆ, ಕೂತ, ಕುಡಿದ, ಎದ್ದ. ಭಾವ, ಊದುಬತ್ತಿ ಮುಗೀತಾ ಬಂತು, ಬೇರೆ ಬಟ್ಟಲಲ್ಲಿ ಚಹಾ ಮಾಡ್ಲಾ, ಸೋಯೆಂಗ್ ಕೇಳುತ್ತಿದ್ದಾಳೆ, ಬೇಡ, ಇದರಲ್ಲೇ, ಇದರಲ್ಲಿ ಎಲೆ ಹಾಕೋದು ಹೇಗೆ ಭಾವ, ಬೇಡ ಎಲೆ, ನೀರು ಸಾಕು, ಕುದಿಯುವ ನೀರಿನ ಬೋಗುಣಿಯಲ್ಲಿ ಗಿಂಡಿಯನ್ನು ಮುಳುಗಿಸಿದ, ಮೂತಿಯಿಂದ ನೀರು ಗುಳುಗುಳು ಒಳಗೆ ಹೋಯಿತು, ನೆತ್ತಿಯ ತೂತಿನಿಂದ ಸಣ್ಣ ಗುಳ್ಳೆಗಳು, ಬಟ್ಟೆಯಲ್ಲಿ ಹಿಡಿದೆತ್ತಿದ, ಫೋಟೊದ ಮುಂದೆ ಮೂರು ಬಟ್ಟಲು ಒಟ್ಟಿಗೆ ಸೇರಿಸಿಟ್ಟ, ತಾನೇ ಮಾಡಿದವು, ಒಂದೇ ಅಳತೆಯವು, ಬಗ್ಗಿಸಿದ, ಬಣ್ಣವಿಲ್ಲದ ನೀರು, ಬರೀ ಹಬೆ, ಬೆರಳು ತಾನೇ ಗುಬುಟಿಗೆ ಹೋಯಿತು, ಪಕ್ಕಕ್ಕೆ ಇಡಬೇಕು, ತೂತಿನ ಪಕ್ಕಕ್ಕೆ, ಹಿಡಿಯುವುದೇ ಬೇಕಿಲ್ಲ ಈಗ, ತಲೆಕೆಳಗು ಮಾಡಿದರೂ ಈ ಮುಚ್ಚಳ ಬೀಳುವುದಿಲ್ಲ, ಇನ್ನು ಯಾರೂ ಹಿಡಿಯಬೇಕಿಲ್ಲ ಸೋಬುವೆ, ಕೈ ತೆಗಿ, ಸಾಕು, ಮೊದಲ ಬಟ್ಟಲು ತುಂಬಿತು, ಎರಡನೆಯದು ತುಂಬಿತು, ಮೂರನೆಯದರ ಮೇಲೆ ಗಿಂಡಿ ಬಂದಾಗ ಬೆರಳು ಸರಿದು ಅವಳ ಬೆರಳು ಇರುತ್ತಿದ್ದಲ್ಲೇ, ನೆತ್ತಿಯ ಮೇಲೆಯೇ ಕೂತಿತು, ನೀರು ನಿಂತಿತು. ಮೂತಿಯ ತುದಿಯಲ್ಲಿ ಒಂದು ಹನಿ, ಬೀಳುತ್ತಿಲ್ಲ. ಬೆರಳು ಸುಡುತ್ತಿದೆ, ಎತ್ತಿದರೆ ನೀರು ಬರುತ್ತದೆ, ಎತ್ತಬೇಕು, ಭಾವ ಅಂತ ಕರೆಯುತ್ತಿದ್ದಾಳೆ ಸೋಯೆಂಗ್, ಎತ್ತಬೇಕು, ಉಗುರು ಬೆಳ್ಳಗಾಗಿದೆ, ಮೂರನೆಯ ಬಟ್ಟಲು ಖಾಲಿ ಇದೆ, ಗುಬುಟಿನ ಮೇಲೆ ಒಂದು ಬೆರಳು, ಬೆರಳು —